ಹರಿಹರದ ತಕ್ಕಡಿ ಮತ್ತು ಹರಿಗೋಲು

ಇಬ್ಬರ ನಡುವೆ ಕೂತು ಕೆಲಸ ಮಾಡುವವನ ಬಾಳಿನಲ್ಲಿ ನಗುವಂಥದ್ದು ನಡೆಯದ ವಾರವೇ ಇರುವುದಿಲ್ಲ. ನಡೆಯುವಾಗ ಮಾತ್ರ ಅವನಿಗೆ ನಗು ಬರುವುದಿಲ್ಲ, ಅದು ವರ್ಷಗಳು ಕಳೆದ ಮೇಲೆ ಬರುತ್ತದೆ. ನನಗೆ ಈಗ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇದುವರೆಗೆ ನಾನು ಬರೆದದ್ದೆಲ್ಲ ಮಂಡಿಯ ಕಾಗದಪತ್ರಗಳು. ಅವುಗಳಲ್ಲಿ ಒಂದು ಮಾತು ಬಿಟ್ಟುಹೋದರೂ ಬೈಗುಳ ಬೀಳುತ್ತಿತ್ತು. ಆ ಅಭ್ಯಾಸದಿಂದ ಇಲ್ಲಿಯೂ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

೧. ಬಿಕ್ಕಳಿಕೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅಂಗಡಿಗೆ ಇಬ್ಬರು ಪಾಲುದಾರರು. ಒಬ್ಬರು ಬೆಲ್ಲದ ವ್ಯಾಪಾರ ನೋಡಿಕೊಳ್ಳುತ್ತಿದ್ದರು, ಇನ್ನೊಬ್ಬರು ಒಣಮೆಣಸಿನಕಾಯಿಯದು. ಹಾಗಾಗಿ ಪೇಟೆಯಲ್ಲಿ ಅವರಿಗೆ ಬೆಲ್ಲದ ಸಾಹುಕಾರರು, ಮೆಣಸಿನಕಾಯಿ ಸಾಹೇಬರು ಎಂದೇ ಹೆಸರು. ಹೆಸರು ಕೇಳಿ ಸ್ವಭಾವ ಊಹಿಸಬೇಡಿ. ಬೆಲ್ಲದವರ ಬಾಯಿ ಖಾರ, ಮೆಣಸಿನಕಾಯಿಯವರ ಮಾತು ಸಿಹಿ. ಇಬ್ಬರೂ ಒಂದೇ ಸಮ ದಪ್ಪ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಪ್ಪತ್ತು ವರ್ಷ ಒಬ್ಬರನ್ನೊಬ್ಬರು ‘ಅಣ್ಣಾರೆ’, ‘ಭಾಯಿ’ ಎನ್ನುತ್ತಿದ್ದವರು ಟೆಲಿಫೋನಿನ ದೆಸೆಯಿಂದ ಮಾತು ಬಿಟ್ಟರು. ಫೋನು ಬೆಲ್ಲದವರ ಗಾದಿಯ ಹತ್ತಿರ ಇತ್ತು. ಪ್ರತಿ ಕರೆಗೂ ಸಾಹೇಬರು ಎದ್ದು ಏಳು ಹೆಜ್ಜೆ ನಡೆಯಬೇಕಿತ್ತು. ಎದುರಿನ ತಮ್ಮ ಗಾದಿಯ ಕಡೆ ಇಡಿಸೋಣ ಎಂದರು. ‘ಹಂಗಾದ್ರೆ ನಾನು ಏಳು ಹೆಜ್ಜೆ ನಡೀಬೇಕಾ?’ ಎಂದರು ಬೆಲ್ಲದವರು. ಅಷ್ಟೇ. ಎರಡು ವರ್ಷ ಮಾತಿಲ್ಲ. ಆ ಏಳು ಹೆಜ್ಜೆಗಳನ್ನು ಎರಡೂ ಕಡೆಯಿಂದ ನಾನು ನಡೆದೆ.

ಒಂದು ದಿನ ಬೆಲ್ಲದವರಿಗೆ ಬಿಕ್ಕಳಿಕೆ ಹತ್ತಿತು. ಸಾಹೇಬರು ಸ್ವಲ್ಪ ಹೊತ್ತು ತಡೆದುಕೊಂಡರು, ಆಮೇಲೆ ನನ್ನನ್ನು ಕರೆದು, ‘ನೀರು ಕುಡೀಬೇಕಂತೆ ಅಂತ ಹೇಳಪ’ ಎಂದರು. ಹೋಗಿ ಹೇಳಿದೆ. ‘ಕುಡಿದೆ, ನಿಲ್ಲವಲ್ದು ಅಂತ ಹೇಳು’ ಎಂದರು. ಬಂದು ಹೇಳಿದೆ. ‘ಉಸಿರು ಬಿಗಿ ಹಿಡೀಬೇಕಂತೆ.’ ಹೋಗಿ ಹೇಳಿದೆ. ಬೆಲ್ಲದವರು ಕೆನ್ನೆ ಉಬ್ಬಿಸಿ ಉಸಿರು ಹಿಡಿದು, ಕೈಸನ್ನೆಯಲ್ಲೇ ‘ಹಿಡಿದೀನಿ ಅಂತ ಹೇಳು’ ಎಂದರು. ಏಳನೆಯ ಓಡಾಟಕ್ಕೆ ಬಿಕ್ಕಳಿಕೆ ನಿಂತಿತು. ನನಗೆ ಹತ್ತಿತು.

೨. ಎರಡು ಟಿಕೆಟ್

ಇಷ್ಟರಲ್ಲೇ ಇದ್ದಿದ್ದರೆ ನಾನು ನಡೆದುಕೊಂಡೇ ಇರುತ್ತಿದ್ದೆ. ಆದರೆ ದೀಪಾವಳಿಗೆ ಅಂಗಡಿ ಒಡೆದು ಬೇರೆಯಾಗುವುದೆಂದು ಗೊತ್ತಾಯಿತು. ಒಡೆದ ಅರ್ಧ ಅಂಗಡಿಗೆ ಗುಮಾಸ್ತ ಬೇಕಾಗುವುದಿಲ್ಲ. ನನಗಾಗಲೇ ಹೆಣ್ಣು ಗೊತ್ತಾಗಿತ್ತು. ಆವರಗೆರೆಯ ಭಾವೀ ಮಾವನವರಿಗೆ, ‘ಹುಡುಗನ ಕೆಲಸ ಗಟ್ಟಿ ಐತೆ’ ಎಂದು ನಮ್ಮವ್ವ ಆಣೆ ಮಾಡಿ ಹೇಳಿಬಿಟ್ಟಿದ್ದಳು. ಅಂಗಡಿ ಒಡೆದರೆ ಮದುವೆಯೂ ಒಡೆದಂತೆ.

ಇಬ್ಬರನ್ನೂ ಒಂದು ಕಡೆ ಕೂಡಿಸಬೇಕೆಂದು ಹರಿಹರಕ್ಕೆ ಕರೆದುಕೊಂಡು ಹೋಗಲು ನಿಶ್ಚಯಿಸಿದೆ. ಹರಿಹರ ಏಕೆಂದರೆ, ಅಲ್ಲಿ ಹೊಳೆಯ ದಂಡೆಯ ಮೇಲೆ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು ತಮ್ಮ ಮನೆಯ ಎರಡು ಕೋಣೆಗಳಲ್ಲಿ ಮ್ಯೂಸಿಯಂ ಮಾಡಿದ್ದರು. ನೋಡಲು ಯಾರೂ ಬರುತ್ತಿರಲಿಲ್ಲ. ಹರಿಗೋಲಿನಲ್ಲಿ ಹೊಳೆ ಸುತ್ತಲು ಮಾತ್ರ ಜನ ಬರುತ್ತಿದ್ದರು. ಮೇಷ್ಟ್ರು ಹರಿಗೋಲಿನವನ ಜೊತೆ ಒಪ್ಪಂದ ಮಾಡಿಕೊಂಡರು. ಮ್ಯೂಸಿಯಂ ನೋಡಿದ ಚೀಟಿ ತೋರಿಸದೆ ಯಾರನ್ನೂ ಹತ್ತಿಸುವಂತಿಲ್ಲ. ಹರಿಗೋಲಿನವನೂ ಅವರ ಹಳೆಯ ವಿದ್ಯಾರ್ಥಿ, ಇಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ.

ಬೆಲ್ಲದವರಿಗೆ, ‘ಅಲ್ಲಿ ನೂರಾರು ವರ್ಷದ ತಕ್ಕಡಿ ಐತಂತ್ರಿ. ಅದರ ಯಾವ ತಟ್ಟೆ ಜಗ್ತೈತೆ ಅಂತ ಹೇಳೋ ಗಂಡಸು ದಾವಣಗೆರೆ ಮಂಡಿಯಾಗೆ ಇಲ್ಲಂತ್ರಿ’ ಎಂದೆ. ಸಾಹೇಬರಿಗೂ ಅದನ್ನೇ ಹೇಳಿದೆ. ಇನ್ನೊಬ್ಬರು ಬರುತ್ತಾರೆಂದು ಇಬ್ಬರಿಗೂ ಹೇಳಲಿಲ್ಲ. ಮಂಡಿಗೆ ರಜೆಯಿರುವ ಅಮಾವಾಸ್ಯೆಯ ದಿನ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದರು. ನೋಡಿಯೂ ನೋಡದಂತೆ ಒಬ್ಬರು ಬಸ್ಸಿನ ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಕೊನೆಯ ಸೀಟಿನಲ್ಲಿ ಕೂತರು. ಇಬ್ಬರೂ ನನಗೆ ಒಂದೊಂದು ಟಿಕೆಟ್ ತೆಗೆಸಿದರು. ಕಂಡಕ್ಟರ್ ಲೆಕ್ಕ ಹಾಕಿ, ‘ಇನ್ನೊಬ್ಬ ಎಲ್ಲಿ?’ ಎಂದ. ‘ನಾನೇ ರೀ’ ಎಂದೆ. ‘ಹಂಗಾದ್ರೆ ಎರಡು ಸೀಟ್ ಹಿಡಿದು ಕುಂದ್ರು’ ಎಂದು ಹೋದ.

೩. ಒಂದೂವರೆ ಮಾರ್ಕು

ಮೇಷ್ಟ್ರು ಆ ಬಿಸಿಲಿನಲ್ಲೂ ಕೋಟು ಹಾಕಿಕೊಂಡು, ಕೈಯಲ್ಲಿ ಬೆತ್ತ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನೋಡಿ ಮುಗಿಸಿದವರಿಗೆ ಅವರು ಮೂರು ಪ್ರಶ್ನೆ ಕೇಳುತ್ತಾರೆ, ಅರ್ಧದಷ್ಟಾದರೂ ಮಾರ್ಕು ಬಂದರೆ ಮಾತ್ರ ಚೀಟಿ, ಎಂಬುದು ನನಗೆ ಗೊತ್ತಿರಲಿಲ್ಲ. ನಮಗಿಂತ ಮುಂಚೆ ಬಂದಿದ್ದ ಹೊಸ ಗಂಡ ಹೆಂಡತಿ ಎರಡು ಸಲ ಫೇಲಾಗಿ ಮತ್ತೆ ಒಳಗೆ ಹೋಗಿದ್ದರು. ಆಕೆ ಒಂದು ವೀರಗಲ್ಲಿನ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದಳು. ಆತ, ‘ಹೊಳೇನ ದಂಡೆ ಮೇಲೆ ನಿಂತೇ ನೋಡಾಣ ಬಾರೆ’ ಎಂದು ಅಂಗಲಾಚುತ್ತಿದ್ದ.

ನಾವೂ ಎರಡು ಕೋಣೆ ಸುತ್ತಿ ಬಂದ ಮೇಲೆ, ಮೊದಲ ಪ್ರಶ್ನೆ ಬೆಲ್ಲದವರಿಗೆ. ‘ವೀರಗಲ್ಲಿನ ತುದಿಯಾಗೆ ಏನೈತೆ?’

‘ಸೂರ್ಯ, ಚಂದ್ರ.’

‘ಸರಿ. ಕೈ ಕಟ್ಟಿ ನಿಂತು ಹೇಳ್ಬೇಕು.’ ಮಂಡಿಪೇಟೆಯೇ ಹೆದರುವ ಬೆಲ್ಲದ ಸಾಹುಕಾರರು ಕೈ ಕಟ್ಟಿದರು.

ಎರಡನೆಯದು ಸಾಹೇಬರಿಗೆ. ‘ಈ ತಾಮ್ರದ ಹಂಡೆ ಯಾವ ಕಾಲದ್ದು?’ ಸಾಹೇಬರು ಅದರ ಕಿವಿ ಹಿಡಿದು ಒಂದು ಗೇಣು ಎತ್ತಿ ಇಳಿಸಿದರು. ‘ಕಾಲ ಗೊತ್ತಿಲ್ಲ ಮಾಸ್ತರ್. ಹದಿನೆಂಟು ಕೇಜಿ ಐತೆ. ಒಳಗಿನ ಜೇಡರ ಬಲೆ ಬಿಟ್ಟು.’ ಮೇಷ್ಟ್ರು ಯೋಚಿಸಿ ಅರ್ಧ ಮಾರ್ಕು ಕೊಟ್ಟರು.

ಮೂರನೆಯದು ತಕ್ಕಡಿ. ತೊಲೆಯಿಂದ ಸರಪಳಿಯಲ್ಲಿ ನೇತುಹಾಕಿದ ಆಳೆತ್ತರದ ತಕ್ಕಡಿ ಅದು. ಬೆಲ್ಲದವರು ಬಾಗಿಲ ಕಡೆಯಿಂದ, ಸಾಹೇಬರು ಕಿಟಕಿಯ ಕಡೆಯಿಂದ ಬಂದು ನಿಂತರು. ಮಧ್ಯದಲ್ಲಿ ತಕ್ಕಡಿ, ಪಕ್ಕದಲ್ಲಿ ನಾನು. ಇಬ್ಬರೂ ಒಂದೊಂದು ಬೆರಳು ಮುಟ್ಟಿಸಿ, ಕಣ್ಣು ಮುಚ್ಚಿ ನೋಡಿದರು.

‘ಎಡಗಡೆ ತಟ್ಟೆ ಜಗ್ತೈತೆ ಅಂತ ಹೇಳು’ ಎಂದರು ಬೆಲ್ಲದವರು.

‘ಬಲಗಡೇದು ಅಂತ ಹೇಳಪ’ ಎಂದರು ಸಾಹೇಬರು.

ಮೇಷ್ಟ್ರು ತಮ್ಮ ನೋಟ್‌ಬುಕ್ ತೆಗೆದು ನೋಡಿ ಕಕ್ಕಾಬಿಕ್ಕಿಯಾದರು. ಅದರಲ್ಲಿ ‘ಒಂದು ಕಡೆ’ ಎಂದಷ್ಟೇ ಬರೆದುಕೊಂಡಿದ್ದರಂತೆ. ‘ಒಂದೂವರೆ ಮಾರ್ಕು ಬಂದೈತೆ, ಚೀಟಿ ತಗೊಂಡು ಹೋಗ್ರಿ. ಆದರೆ ಇಬ್ಬರೂ ಸೇರಿ ಒಂದು ಉತ್ತರ ತರೋ ತನಕ ಸಂದರ್ಶಕರ ಪುಸ್ತಕದಾಗೆ ಸಹಿ ಮಾಡಂಗಿಲ್ಲ’ ಎಂದರು.

ಮಂಡಿಯ ಮನುಷ್ಯನಿಗೆ ‘ನಿನಗೆ ತಕ್ಕಡಿ ಗೊತ್ತಿಲ್ಲ’ ಎನ್ನುವುದು ಅಡುಗೆ ಭಟ್ಟನಿಗೆ ‘ನಿನಗೆ ಉಪ್ಪಿನ ಅಂದಾಜಿಲ್ಲ’ ಎಂದ ಹಾಗೆ. ಬೆಲ್ಲದವರ ಮುಖ ಕೆಂಪಾಯಿತು. ‘ಎಡ ಬಲ ತಿಳೀದವರ ಜೊತೆ ದೀಪಾವಳಿ ತನಕ ಯಾಕ? ನಾಳೆನೇ ಬ್ಯಾರೆ ಆಗಾಣ ಅಂತ ಹೇಳು.’ ನಾನು ಹೇಳಲಿಲ್ಲ. ಅದೇ ಮೊದಲ ಬಾರಿಗೆ ಒಂದು ಮಾತನ್ನು ನುಂಗಿಕೊಂಡೆ. ‘ಚೀಟಿ ಸಿಕ್ಕೈತ್ರಿ, ದಂಡ ಮಾಡಬಾರದು’ ಎಂದು ಇಬ್ಬರನ್ನೂ ಹೊಳೆಯ ಕಡೆಗೆ ಕರೆದುಕೊಂಡು ಹೋದೆ.

೪. ಗಿರ್ರನೆ

ಹರಿಗೋಲು ಎಂದರೆ ಬಿದಿರಿನಲ್ಲಿ ಹೆಣೆದ ದೊಡ್ಡ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲ. ಒಂದು ಕಡೆ ಭಾರವಾದರೆ ಮಗುಚುತ್ತದೆ. ಹರಿಗೋಲಿನವನು ಪಾಲುದಾರರಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ‘ನೀವು ಈ ಅಂಚಿಗೆ, ನೀವು ಆ ಅಂಚಿಗೆ. ಎದುರುಬದುರು ಕುಂದ್ರಿ’ ಎಂದ.

‘ಬ್ಯಾರೆ ಯಾರೂ ಇಲ್ಲೇನು?’ ಎಂದರು ಬೆಲ್ಲದವರು.

‘ನಿಮ್ಮ ತೂಕಕ್ಕೆ ಇವರೇ ಸರಿ ರೀ. ಇಲ್ಲಾಂದ್ರೆ ಎರಡು ಚೀಲ ಸಿಮೆಂಟ್ ತರಿಸ್ಬೇಕು.’

ತೂಕದ ಮಾತಿಗೆ ಮಂಡಿಯವರು ಎದುರಾಡುವುದಿಲ್ಲ. ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಂತಿತ್ತು. ನಡುವೆ ನಾನು ಮುದುರಿಕೊಂಡೆ.

ಹೊಳೆಯ ನಡುವೆ ಹೋಗುತ್ತಲೇ ಹರಿಗೋಲು ತಿರುಗತೊಡಗಿತು. ‘ಬಲಗಡೆ ಗುಡಿ ನೋಡ್ರಿ’ ಎಂದು ಹರಿಗೋಲಿನವನು ಹೇಳಿದ. ನೋಡುವಷ್ಟರಲ್ಲಿ ಅಲ್ಲಿ ಸೇತುವೆ ಇತ್ತು. ‘ಗುಡಿ ಎಲ್ಲಪ?’ ಎಂದೆ. ‘ಮತ್ತೆ ಬರ್ತೈತೆ, ಕುಂತಲ್ಲೇ ಇರ್ರಿ.’

‘ಕಾಲು ಹಿಂದಕ್ಕೆ ತಗೋಬೇಕಂತೆ ಅಂತ ಹೇಳು’ ಎಂದರು ಬೆಲ್ಲದವರು. ತಿರುಗಿ ಹೇಳಿದೆ. ‘ಲೇ, ನಾನು ಹೇಳಿದ್ದನ್ನ ನನಗೇ ಹೇಳ್ತೀಯಲ್ಲೋ’ ಎಂದು ಬೈದರು. ಈ ಕಡೆ ತಿರುಗಿ ಹೇಳಿದೆ. ಅಲ್ಲಿ ಹರಿಗೋಲಿನವನಿದ್ದ. ‘ಕಾಲು ತೆಗೆದ್ರೆ ಹುಟ್ಟು ಹೆಂಗೆ ಹಾಕ್ಲಿ?’ ಎಂದ. ಸಾಹೇಬರು ಎಲ್ಲಿ, ಸಾಹುಕಾರರು ಎಲ್ಲಿ, ಗುಡಿ ಎಲ್ಲಿ, ನನ್ನ ಬೆಳಗಿನ ತಿಂಡಿ ಎಲ್ಲಿ, ಒಂದೂ ತಿಳಿಯದಾಯಿತು. ತಿಂಡಿ ಮಾತ್ರ ಮೇಲೆ ಬರುತ್ತಿದೆ ಎಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡು ನೀರಿನ ಕಡೆ ಬಗ್ಗಿದೆ. ಹರಿಗೋಲು ವಾಲಿತು. ಇಬ್ಬರೂ ಒಟ್ಟಿಗೆ ನನ್ನ ಶರ್ಟು ಹಿಡಿದು ಜಗ್ಗಿದರು. ಪರ್ರನೆ ಬೆನ್ನ ಮೇಲಿಂದ ಹರಿದು, ಅರ್ಧ ಅವರ ಕೈಗೆ, ಅರ್ಧ ಇವರ ಕೈಗೆ ಬಂತು.

‘ನೀವು ಯಾಕ ಜಗ್ಗಿದ್ರಿ?’ ಎಂದರು ಬೆಲ್ಲದವರು. ನನಗಲ್ಲ. ಸಾಹೇಬರಿಗೆ. ಎರಡು ವರ್ಷಗಳ ಮೇಲೆ.

‘ನೀವು ಬಿಡಬೇಕಿತ್ತು’ ಎಂದರು ಸಾಹೇಬರು. ‘ಹುಡುಗ ಎಡಕ್ಕೆ ಬೀಳ್ತಿದ್ದ.’

‘ಬಲಕ್ಕೆ ಬೀಳ್ತಿದ್ದ!’

‘ಅರೆ, ಗುಡಿ ಕಡೆ ಬಿದ್ದ. ಗುಡಿ ನನ್ನ ಎಡಕ್ಕೈತೆ.’

‘ನನ್ನ ಬಲಕ್ಕೈತೆ.’

ಹರಿಗೋಲಿನವನು ಹುಟ್ಟು ನಿಲ್ಲಿಸಿ, ‘ಎದುರುಬದುರು ಕುಂತರೆ ಹಂಗೇ ಅಲ್ಲೇನ್ರಿ?’ ಎಂದ.

ಹರಿಗೋಲು ಒಂದು ಸುತ್ತು ತಿರುಗಿತು. ಆಮೇಲೆ ಬೆಲ್ಲದವರು ಮೆಲ್ಲಗೆ, ‘ಭಾಯಿ, ಆ ತಕ್ಕಡಿ...’ ಎಂದರು. ‘ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ರಿ ಅಣ್ಣಾರೆ. ನಾನು ಕಿಟಕಿಗೆ’ ಎಂದರು ಸಾಹೇಬರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಎರಡು ಹೊಟ್ಟೆಗಳು ಕುಲುಕಿದ ರಭಸಕ್ಕೆ ಹರಿಗೋಲಿನವನು, ‘ನಗಬ್ಯಾಡ್ರಿ, ಮುಳುಗ್ತೀವಿ’ ಎಂದು ಕೈ ಮುಗಿದ.

ದಡಕ್ಕೆ ಬಂದು ಇಬ್ಬರೂ ಜೊತೆಯಾಗಿ ಮೇಷ್ಟ್ರಿಗೆ, ‘ಎರಡೂ ಸರಿ’ ಎಂದು ಉತ್ತರ ಹೇಳಿದರು. ‘ಒಂದು ಪ್ರಶ್ನೆಗೆ ಎರಡು ಉತ್ತರ ಬರೆದ್ರೆ ಸೊನ್ನೆ’ ಎಂದು ಅವರು ಬಾಗಿಲು ಹಾಕಿಕೊಂಡರು. ವಾಪಸು ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ದಾವಣಗೆರೆಯವರೆಗೂ ಮೇಷ್ಟ್ರನ್ನು ಬೈದರು. ನಾನು ಸಾಹೇಬರ ಟವೆಲು ಹೊದ್ದು ನಿಂತಿದ್ದೆ. ಈ ಸಲ ನನಗೆ ಇಬ್ಬರೂ ಟಿಕೆಟ್ ತೆಗೆಸಿರಲಿಲ್ಲ. ಒಬ್ಬರು ತೆಗೆಸಿರುತ್ತಾರೆಂದು ಇನ್ನೊಬ್ಬರು ಸುಮ್ಮನಿದ್ದರು.

ಅಂಗಡಿ ಒಡೆಯಲಿಲ್ಲ. ಫೋನು ನನ್ನ ಡೆಸ್ಕಿಗೆ ಬಂತು. ದೀಪಾವಳಿಯ ಪೂಜೆಯ ದಿನ ಇಬ್ಬರೂ ಸೇರಿ ನನಗೆ ಹೊಸ ಶರ್ಟು ಕೊಟ್ಟರು. ಹರಿದದ್ದು ಅರ್ಧರ್ಧವಲ್ಲವೇ, ಹೊಲಿಸಿದ್ದೂ ಹಾಗೆಯೇ. ಒಂದರ್ಧ ಬೆಲ್ಲದ ಬಣ್ಣ, ಇನ್ನೊಂದರ್ಧ ಮೆಣಸಿನಕಾಯಿ ಕೆಂಪು. ಅದೇ ದಿನ ಪೂಜೆಗೆಂದು, ನಿಜ ಹೇಳಬೇಕೆಂದರೆ ಅಳಿಯನ ಕೆಲಸ ಎಷ್ಟು ಗಟ್ಟಿ ಎಂದು ನೋಡಲು, ನನ್ನ ಮಾವನವರೂ ಬಂದು ಕೂತಿದ್ದರು. ಶರ್ಟು ಹಾಕಿಕೊಂಡು ನಡುವೆ ನಿಂತೆ.

‘ಎಡಗಡೆ ನಂದು ಚಂದ ಕಾಣ್ತೈತೆ’ ಎಂದರು ಮುಂದೆ ಕೂತಿದ್ದ ಬೆಲ್ಲದವರು.

‘ಅದು ಬಲಗಡೆ ಅಲ್ವಾ ಅಣ್ಣಾರೆ?’ ಎಂದರು ನನ್ನ ಬೆನ್ನ ಹಿಂದೆ ಕೂತಿದ್ದ ಸಾಹೇಬರು.

ಇನ್ನೆರಡು ವರ್ಷ ನಡೆಯುವ ಶಕ್ತಿ ನನಗಿರಲಿಲ್ಲ. ಎರಡೂ ಕಡೆ ಇಬ್ಬರಿಗೂ ಕಾಣಲಿ ಎಂದು ನಿಂತಲ್ಲೇ ಗಿರ್ರನೆ ತಿರುಗಿದೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು.

ಮಾವನವರು ಕೈಯಲ್ಲಿದ್ದ ತಿಂಡಿಯ ತಟ್ಟೆ ಕೆಳಗಿಟ್ಟು, ‘ಹುಡುಗನಿಗೆ ಇದು ಯಾವಾಗಿಂದ ಐತೆ?’ ಎಂದರು.

ಸಾಹುಕಾರರು, ಸಾಹೇಬರು ಒಂದೇ ಉಸಿರಿಗೆ ಹೇಳಿದರು: ‘ಹರಿಹರಕ್ಕೆ ಹೋಗಿ ಬಂದಾಗಿಂದ.’