ಸೇತುವೆ ಆಚೆಯ ಕಟಿಂಗ್

ಎಲ್ಲದಕ್ಕೂ ಕಾರಣ ಒಂದು ಕನ್ನಡಿ.

ಹೋದ ವರ್ಷ ನದಿ ಊರೊಳಗೆ ಬಂದು, ಮೂರು ದಿನ ನೆಂಟರ ಹಾಗೆ ಇದ್ದು ಹೋಯಿತಲ್ಲ, ಆಗ ಸೇತುವೆ ಈಚೆಯ ಬೀದಿಯ ಹದಿನೆಂಟು ಅಂಗಡಿಗಳಿಗೂ ನೀರು ನುಗ್ಗಿತ್ತು. ನದಿ ವಾಪಸು ಹೋದ ಮೇಲೆ ಒಬ್ಬೊಬ್ಬರೇ ಕೆಸರು ಎತ್ತಿ, ಗೋಡೆಗೆ ಸುಣ್ಣ ಬಳಿದು, ಮತ್ತೆ ಬಾಗಿಲು ತೆರೆದರು. ಕತ್ತರಿಯಣ್ಣನ ಕಟಿಂಗ್ ಅಂಗಡಿಯಲ್ಲಿ ಉಳಿದದ್ದು ಎರಡೇ ವಸ್ತು. ಒಂದು ಕಬ್ಬಿಣದ ಕುರ್ಚಿ, ಇನ್ನೊಂದು ಅವರ ಅಪ್ಪನ ಕಾಲದ ದೊಡ್ಡ ಕನ್ನಡಿ. ಕುರ್ಚಿಗೆ ಏನೂ ಆಗಿರಲಿಲ್ಲ. ಕನ್ನಡಿ ಮಾತ್ರ ನೀರು ಕುಡಿದು ಒಳಗೆಲ್ಲೋ ಸೊಂಟ ಉಳುಕಿಸಿಕೊಂಡಿತ್ತು. ಅದರಲ್ಲಿ ನೇರವಾಗಿದ್ದದ್ದು ಓರೆಯಾಗಿ ಕಾಣುತ್ತಿತ್ತು, ಓರೆಯಾಗಿದ್ದದ್ದು ನೇರವಾಗಿ.

ಬೇರೆ ಅಂಗಡಿಯಾಗಿದ್ದರೆ ಇದರಿಂದ ಏನೂ ತೊಂದರೆಯಿರಲಿಲ್ಲ. ಆದರೆ ಕತ್ತರಿಯಣ್ಣ ಗಿರಾಕಿಯ ತಲೆ ನೋಡಿ ಕತ್ತರಿಸುವವರಲ್ಲ, ಕನ್ನಡಿ ನೋಡಿ ಕತ್ತರಿಸುವವರು. ಅವರ ಅಪ್ಪ ಕಲಿಸಿಕೊಟ್ಟಿದ್ದೇ ಹಾಗೆ. ಹೀಗಾಗಿ ಆರು ತಿಂಗಳಿಂದ ಆ ಬೀದಿಯ ಗಂಡಸರ ಕೂದಲು ಎಡಗಿವಿಯ ಹತ್ತಿರ ಎರಡು ಬೆರಳು ಮೇಲಿದ್ದರೆ, ಬಲಗಿವಿಯ ಹತ್ತಿರ ಎರಡು ಬೆರಳು ಕೆಳಗಿರುತ್ತಿತ್ತು. ಅದನ್ನು ಸರಿದೂಗಿಸಲು ಎಲ್ಲರೂ ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಡೆಯುತ್ತಿದ್ದರು. ನೋಡಿದವರು, ಈ ಬೀದಿಯವರು ಸದಾ ಯಾರದೋ ಗುಟ್ಟು ಕದ್ದು ಕೇಳುತ್ತಿರುತ್ತಾರೆ ಅಂದುಕೊಳ್ಳುತ್ತಿದ್ದರು. ಕತ್ತರಿಯಣ್ಣನ ಸ್ವಂತ ತಲೆ ಮಾತ್ರ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿರುತ್ತಿತ್ತು. ಕಸುಬು ಗೊತ್ತಿದ್ದವರ ತಲೆ ಹಾಗೇ ಇರುತ್ತದೆ ಎಂದು ಜನ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಕನ್ನಡಿ ಓರೆಯಾಗಿದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂಗಡಿ ತೆರೆದ ದಿನ ಅದನ್ನು ಒರೆಸುತ್ತಾ ಕತ್ತರಿಯಣ್ಣ ಅತ್ತದ್ದನ್ನು ಎಲ್ಲರೂ ನೋಡಿದ್ದರು. ಮೇಲಾಗಿ ಸೇತುವೆ ಆಚೆ ಗಾಜಿನ ಗೋಡೆಯ ದೊಡ್ಡ ಸಲೂನ್ ಬಂದು ಅರ್ಧ ಗಿರಾಕಿಗಳನ್ನು ಎಳೆದುಕೊಂಡಿತ್ತು. "ಇನ್ನು ನಾಲ್ಕು ತಲೆ ಹೋದ್ರೆ ನಾನು ಬೀಗ ಹಾಕೋದೇ" ಎಂದು ಕತ್ತರಿಯಣ್ಣ ಹೇಳಿಕೊಳ್ಳುತ್ತಿದ್ದರು. ಆ ನಾಲ್ಕರಲ್ಲಿ ತನ್ನದೊಂದು ಆಗಬಾರದು ಎಂದು ಪ್ರತಿಯೊಬ್ಬರೂ ತಲೆ ಕೊಡುತ್ತಿದ್ದರು.

ಎಲ್ಲರಿಗಿಂತ ನಿಯತ್ತಾಗಿ ಕೊಡುತ್ತಿದ್ದವರು ನಲ್ಲಿ ಸಾಹೇಬರು. ಅವರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಹೋದ ವರ್ಷ ನದಿಯೇ ಮನೆಮನೆಗೆ ಸರಬರಾಜು ಮಾಡಿ ಹೋದ ಮೇಲೆ ಬೀದಿಯವರು ಆ ಹೆಸರಿಟ್ಟಿದ್ದರು. ಸಾಹೇಬರು ಮೊಳೆಯಿಂದ ಮಾತ್ರೆಯವರೆಗೆ ಎಲ್ಲವನ್ನೂ ಅದೇ ಬೀದಿಯಲ್ಲಿ ಕೊಳ್ಳುತ್ತಿದ್ದರು. ಅದಕ್ಕೇ ಅಂಗಡಿಕಾರರ ಸಂಘ ಅವರ ಫೋಟೋವನ್ನು ದೊಡ್ಡ ಬ್ಯಾನರ್ ಮಾಡಿಸಿ ಸೇತುವೆಗೆ ಕಟ್ಟುವುದೆಂದು ತೀರ್ಮಾನಿಸಿತು. ಫೋಟೋದ ಕೆಳಗೆ ಬರೆಯುವುದೂ ಗೊತ್ತಾಗಿತ್ತು: 'ನನಗೆ ಬೇಕಾದ್ದೆಲ್ಲ ನಮ್ಮ ಬೀದಿಯಲ್ಲೇ ಇದೆ.'

"ನಾಳೆ ನಾಲ್ಕು ಗಂಟೆಗೆ ಫೋಟೋ" ಎಂದು ಸಂಘದ ಅಧ್ಯಕ್ಷರು ಹೇಳಿಹೋದ ರಾತ್ರಿ, ಸಾಹೇಬರ ಹೆಂಡತಿ ಅವರನ್ನು ದೀಪದ ಕೆಳಗೆ ನಿಲ್ಲಿಸಿ ಸುತ್ತಲೂ ನೋಡಿದರು.

"ಈ ತಲೇನಾ ಸೇತುವೆಗೆ ಕಟ್ಟೋದು?"

"ಇರೋದು ಇದೊಂದೇ ಅಲ್ವಾ."

"ಒಂದು ಮೊಳೆ ಕಿತ್ತುಹೋದ ಪಟದ ಥರ ಕಾಣ್ತೀರಿ. ಬ್ಯಾನರೇ ಓರೆ ಕಟ್ಟಿದ್ದಾರೆ ಅಂತ ಜನ ಹಗ್ಗ ಎಳೀತಾರೆ. ನಮ್ಮ ತವರಿನೋರು ಆ ಸೇತುವೆ ಮೇಲೇ ಓಡಾಡೋದು, ಗೊತ್ತಿದೆ ತಾನೆ?"

ಸಾಹೇಬರು ನಿದ್ದೆ ಮಾಡಲಿಲ್ಲ. ಬೆಳಗ್ಗೆ ಕಚೇರಿಗೆ ರಜೆ ಹೇಳಿ, ಬೀದಿಯವರು ಮಧ್ಯಾಹ್ನದ ಊಟಕ್ಕೆ ಕೂತ ಹೊತ್ತು ನೋಡಿ, ಕಳ್ಳಬೆಕ್ಕಿನ ಹಾಗೆ ಗೋಡೆಗೆ ಅಂಟಿಕೊಂಡು ನಡೆದು, ಸೇತುವೆ ದಾಟಿ ಸಲೂನಿಗೆ ಹೊಕ್ಕರು.

ಒಳಗೆ ಮಾವಿನ ಹಣ್ಣನ್ನು ಕೆಡದಂತೆ ಇಡುವಷ್ಟು ತಂಪು. ಸಾಲಾಗಿ ಕುರ್ಚಿಗಳು. ಎರಡನೆಯದರಲ್ಲಿ ಸಾಹೇಬರನ್ನು ಕೂರಿಸಿದರು. ಮೂರನೆಯದರಲ್ಲಿ ಯಾರೋ ಮುಖದ ತುಂಬ ಬಿಸಿ ಟವೆಲ್ ಹೊದ್ದು, ಕತ್ತಿನವರೆಗೆ ಬಟ್ಟೆ ಮುಚ್ಚಿಸಿಕೊಂಡು, ಹಿಂದಕ್ಕೆ ಒರಗಿ ಮಲಗಿದ್ದರು. ಕತ್ತರಿ ಹಿಡಿದ ಹುಡುಗಿ ಸಾಹೇಬರ ತಲೆ ನೋಡಿ ಗಾಬರಿಯಾದಳು.

"ಅಯ್ಯೋ ಸಾರ್, ಯಾರ್ ಸಾರ್ ಹೀಗೆ ಮಾಡಿದ್ದು?"

ಸಾಹೇಬರ ಬಾಯಿಗೆ ಕತ್ತರಿಯಣ್ಣನ ಹೆಸರು ಬಂದು ಹಲ್ಲಿನ ಹಿಂದೆಯೇ ನಿಂತಿತು. ಇಲ್ಲಿ ಆ ಹೆಸರು ಹೇಳಿದರೆ ಸಂಜೆಯೊಳಗೆ ಊರೆಲ್ಲ ನಗುತ್ತದೆ.

"ನಾನೇ ಮಾಡ್ಕೊಂಡಿದ್ದು" ಅಂದರು. "ಕತ್ತಲಲ್ಲಿ."

"ಕತ್ತಲಲ್ಲಿ ಯಾಕೆ ಸಾರ್?"

"ಕರೆಂಟ್ ಇರ್ಲಿಲ್ಲ."

ಪಕ್ಕದ ಟವೆಲ್ಲಿನೊಳಗಿಂದ ಒಂದು ಕೆಮ್ಮು ಬಂತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಕನ್ನಡಿಯಲ್ಲಿ ಕಂಡ ವ್ಯಕ್ತಿಗೆ ಸಾಹೇಬರು ಇನ್ನೇನು ನಮಸ್ಕಾರ ಹೇಳುವುದರಲ್ಲಿದ್ದರು. ಆರು ತಿಂಗಳ ನಂತರ ಮೊದಲ ಸಲ ಕತ್ತು ನೆಟ್ಟಗೆ ನಿಂತಿತ್ತು.

ಈ ನೆಟ್ಟಗಿನ ಕತ್ತೇ ಅಪಾಯ ಎಂದು ಹೊಳೆದದ್ದು ವಾಪಸು ಸೇತುವೆ ಇಳಿಯುವಾಗ. ಬೀದಿಯಲ್ಲಿ ಅಷ್ಟು ನೇರವಾದ ತಲೆ ಇದ್ದದ್ದು ಒಂದೇ, ಅದು ಕತ್ತರಿಯಣ್ಣನದು. ಇನ್ನೊಂದು ಕಂಡರೆ ಅದೆಲ್ಲಿಂದ ಬಂತು ಎಂದು ಕೇಳದಿರುತ್ತಾರೆಯೇ? ನಿಯತ್ತಿನ ಗಿರಾಕಿಯೇ ಸೇತುವೆ ದಾಟಿದ ಎಂದು ತಿಳಿದರೆ ಉಳಿದವರು ಮರುದಿನವೇ ದಾಟುತ್ತಾರೆ, ಕತ್ತರಿಯಣ್ಣ ಬೀಗ ಹಾಕುತ್ತಾರೆ. ಸಾಹೇಬರು ಜೇಬಿನಿಂದ ಕರ್ಚೀಫು ತೆಗೆದು ತಲೆಗೆ ಬಿಗಿಯಾಗಿ ಕಟ್ಟಿಕೊಂಡರು.

ಹತ್ತು ಹೆಜ್ಜೆ ನಡೆದಿರಲಿಲ್ಲ, ಸಂಘದ ಅಧ್ಯಕ್ಷರು ಎದುರಾದರು. ಅಧ್ಯಕ್ಷರದ್ದು ಬೀಗ, ಚಿಲಕ, ಬಾಗಿಲುಗಳ ಅಂಗಡಿ.

"ಏನ್ ಸಾಹೇಬ್ರೇ, ತಲೆಗೆ ಕರ್ಚೀಫು?"

"ಬಿಸಿಲು."

ಅಧ್ಯಕ್ಷರು ಮೇಲೆ ನೋಡಿದರು. ಮೋಡ ಎಮ್ಮೆಗಳ ಹಾಗೆ ಮಲಗಿತ್ತು.

"ಪೆಟ್ಟಾಯ್ತು" ಎಂದು ಸಾಹೇಬರು ತಿದ್ದಿಕೊಂಡರು. "ಬಾಗಿಲು ಬಡೀತು."

"ಯಾವ ಬಾಗಿಲು?"

"ನಮ್ಮನೇದೇ."

ಅಧ್ಯಕ್ಷರ ಮುಖ ಸಪ್ಪಗಾಯಿತು. ನೀರು ಇಳಿದ ಮೇಲೆ ಸಾಹೇಬರ ಮನೆಗೆ ಬಾಗಿಲು ಕೂರಿಸಿದ್ದು ಅವರೇ. "ನಾನು ಕೂರಿಸಿದ ಬಾಗಿಲು ನಿಮ್ಮ ತಲೆ ಒಡೀತಾ? ಅದೂ ಫೋಟೋ ದಿವ್ಸ?" ಎಂದು ಸಾಹೇಬರ ರಟ್ಟೆ ಹಿಡಿದು, ಪಕ್ಕದ ಔಷಧಿ ಅಂಗಡಿಗೆ ಎಳೆದುಕೊಂಡೇ ಹೋದರು.

ಔಷಧಿ ಅಂಗಡಿ ಅಕ್ಕನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ನರ್ಸ್ ಆಗಬೇಕಾಗಿದ್ದವರು ಅದಕ್ಕೇ ಅಂಗಡಿ ಇಟ್ಟದ್ದು.

"ಕರ್ಚೀಫು ಬಿಚ್ಬೇಡಿ" ಎಂದು ಸಾಹೇಬರೂ ಅಕ್ಕನೂ ಒಟ್ಟಿಗೇ ಹೇಳಿದರು.

ಅಕ್ಕ ಕಣ್ಣು ಮುಚ್ಚಿಕೊಂಡು ಕರ್ಚೀಫಿನ ಮೇಲೆಯೇ ಬ್ಯಾಂಡೇಜು ಸುತ್ತತೊಡಗಿದರು. ಕಣ್ಣು ಮುಚ್ಚಿದ್ದರಿಂದ ಎಲ್ಲಿಗೆ ಮುಗಿಸಬೇಕೆಂದು ತಿಳಿಯಲಿಲ್ಲ. ಒಂದು ಸುರುಳಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದು ಮುಗಿಯುವ ಹೊತ್ತಿಗೆ ಸಾಹೇಬರ ತಲೆ ಬೂದುಗುಂಬಳಕಾಯಿಯಷ್ಟಾಗಿ, ಎರಡು ಕಣ್ಣು ಮತ್ತು ಮೂಗಿನ ತುದಿ ಮಾತ್ರ ಹೊರಗಿದ್ದವು.

"ನೋವಿದೆಯಾ?" ಎಂದು ಅಕ್ಕ ಕೇಳಿದರು.

"ಈಗ ಶುರುವಾಗ್ತಿದೆ" ಎಂದರು ಸಾಹೇಬರು, ಬಟ್ಟೆಯೊಳಗಿಂದ.

ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಎಡಕ್ಕೆ ವಾಲಿದ ಇಪ್ಪತ್ತು ತಲೆಗಳು ಅನುಕಂಪದಿಂದ ಇನ್ನಷ್ಟು ವಾಲಿದವು. ಒಬ್ಬರು ಎರಡು ಹೊಲಿಗೆ ಬಿದ್ದಿದೆ ಎಂದರೆ, ಅವರ ಹಿಂದಿದ್ದವರು ಎಂಟು ಎಂದರು. ಬೀದಿಯ ಆ ತುದಿ ತಲುಪುವಷ್ಟರಲ್ಲಿ ಸಾಹೇಬರಿಗೆ ಹೆಂಡತಿಯ ಗುರುತೇ ಸಿಗುತ್ತಿಲ್ಲ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು.

ಗುರುತು ಸಿಗದಿದ್ದದ್ದು ಹೆಂಡತಿಯದ್ದಲ್ಲ, ಮನೆಯದ್ದು. ಸಾಹೇಬರು ಮನೆಗೆ ಬಂದರೆ ಮುಂಬಾಗಿಲೇ ಇರಲಿಲ್ಲ. ಅವರನ್ನು ಅಕ್ಕನ ಕೈಗೆ ಒಪ್ಪಿಸಿದ ಅಧ್ಯಕ್ಷರು ಕೆಲಸದವರೊಂದಿಗೆ ಬಂದು, ತಪ್ಪು ಮಾಡಿದ ಬಾಗಿಲನ್ನು ಕಿತ್ತು, ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದರು.

ಬಾಗಿಲಿದ್ದ ಜಾಗದಲ್ಲಿ ಹೆಂಡತಿ ನಿಂತಿದ್ದರು.

"ಕಟಿಂಗ್‌ಗೆ ಹೋದೋರು ಯಾವ ಯುದ್ಧಕ್ಕೆ ಹೋಗಿದ್ರಿ?"

"ಮೆಲ್ಲಗೆ ಮಾತಾಡೆ. ತಲೆಗೇನೂ ಆಗಿಲ್ಲ. ಒಳಗೆ ತುಂಬ ಚೆನ್ನಾಗಿದೆ."

"ಬ್ಯಾಂಡೇಜ್ ಒಳಗೆ ಚೆನ್ನಾಗಿದ್ರೆ ಯಾರು ನೋಡ್ತಾರೆ? ಮತ್ತೆ ಬಾಗಿಲು ಏನ್ ಮಾಡಿತ್ತು ನಿಮ್ಗೆ?"

"ಅದರ ಮೇಲೆ ಸುಮ್ನೆ ಆರೋಪ ಬಂತು."

ಅಷ್ಟರಲ್ಲಿ ಬೀದಿಯೇ ಮನೆಗೆ ಬಂತು. ತಡೆಯಲು ಬಾಗಿಲಿರಲಿಲ್ಲ. ಅಧ್ಯಕ್ಷರು ಬಂದರು, ಅಕ್ಕ ನಾಲ್ಕನೆಯ ಸುರುಳಿ ಹಿಡಿದು ಬಂದರು, ಸ್ಟುಡಿಯೋದವರು ಕ್ಯಾಮೆರಾ ಹೊತ್ತು ಬಂದರು. "ಮೂರೂವರೆ ಆಯ್ತು. ಈ ವೇಷದಲ್ಲಿ ಫೋಟೋ ತೆಗೆದ್ರೆ ನಮ್ಮ ಬೀದೀಲಿ ಆಸ್ಪತ್ರೆ ಇದೆ ಅಂದ್ಕೋತಾರೆ" ಎಂದು ಸ್ಟುಡಿಯೋದವರು ತಕರಾರು ತೆಗೆದರು. "ಬಿಚ್ಚಿ ನೋಡೋಣ, ಗಾಯ ಚಿಕ್ಕದಿದ್ರೆ ಆ ಕಡೆಯಿಂದ ತೆಗೆದ್ರಾಯ್ತು" ಎಂದು ಅಧ್ಯಕ್ಷರು ಬ್ಯಾಂಡೇಜಿನ ತುದಿ ಹುಡುಕತೊಡಗಿದರು. ಸಾಹೇಬರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಗೋಡೆಗೆ ಒರಗಿದರು. ಅದನ್ನು ಬಿಚ್ಚಿದರೆ ಕತ್ತರಿಯಣ್ಣನ ಅಂಗಡಿ ಮುಳುಗಿತು.

"ಎಲ್ರೂ ಕೈ ತೆಗೀರಿ" ಎಂದಿತು ಒಂದು ಗಂಭೀರ ಧ್ವನಿ.

ಜನ ದಾರಿ ಬಿಟ್ಟರು. ಕತ್ತರಿಯಣ್ಣ ಪೆಟ್ಟಿಗೆ ಹಿಡಿದು ನಿಂತಿದ್ದರು. ಅವರ ತಲೆ ಎಂದಿನ ಹಾಗೆ ನಯವಾಗಿ, ನೇರವಾಗಿ ಹೊಳೆಯುತ್ತಿತ್ತು.

"ಗಾಯದ ಮೇಲೆ ಕೂದ್ಲು ಇರ್ಬಾರ್ದು, ಕೀವಾಗುತ್ತೆ. ಮೊದ್ಲು ಅದನ್ನ ತೆಗೀಬೇಕು. ನಂಗೂ ಅವರಿಗೂ ಸ್ವಲ್ಪ ಜಾಗ ಬಿಡಿ."

ಮನೆಯಲ್ಲಿ ಉಳಿದಿದ್ದ ಒಂದೇ ಮುಚ್ಚುವ ಬಾಗಿಲು ಬಚ್ಚಲುಮನೆಯದ್ದು. ಕತ್ತರಿಯಣ್ಣ ಸಾಹೇಬರನ್ನು ಒಳಗೆ ಕರೆದೊಯ್ದು, ಮಗುಚಿದ ಬಕೆಟ್ಟಿನ ಮೇಲೆ ಕೂರಿಸಿ, ಚಿಲಕ ಹಾಕಿದರು. ಸುತ್ತು ಸುತ್ತಾಗಿ ಬ್ಯಾಂಡೇಜು ಬಿಚ್ಚಿದರು. ಕೊನೆಗೆ ಕರ್ಚೀಫು ಎತ್ತಿದರು. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಕತ್ತರಿಯಣ್ಣ ಅವರ ತಲೆಯನ್ನು ಎರಡು ಬೆರಳಿನಿಂದ ಅತ್ತಿತ್ತ ತಿರುಗಿಸಿ ನೋಡಿದರು.

"ಕಿವಿ ಹಿಂದೆ ಒಂಚೂರು ಜಾಸ್ತಿ ಬಿಟ್ಟಿದ್ದಾಳೆ, ಆ ಹುಡುಗಿ" ಎಂದರು ಕತ್ತರಿಯಣ್ಣ.

ಸಾಹೇಬರು ಒಂದು ಕಣ್ಣು ತೆರೆದರು. "ಯಾವ ಹುಡುಗಿ?"

"ಎರಡನೇ ಕುರ್ಚಿ ಹುಡುಗಿ. ಕತ್ತರಿ ಸದ್ದಲ್ಲೇ ಗೊತ್ತಾಯ್ತು ನಂಗೆ. ನಾನು ಮೂರನೇ ಕುರ್ಚೀಲಿ ಟವೆಲ್ ಒಳಗಿದ್ದೆ."

ಸಾಹೇಬರು ಇನ್ನೊಂದು ಕಣ್ಣನ್ನೂ ತೆರೆದರು.

"ಹಾಗೆ ನೋಡ್ಬೇಡಿ ಸಾಹೇಬ್ರೇ. ನನ್ನ ತಲೆ ನಾನೇ ಕತ್ತರಿಸ್ಕೊಳ್ಳೋಕಾಗುತ್ತಾ? ಅಪ್ಪ ಇರೋವರೆಗೆ ಅಪ್ಪ ಮಾಡ್ತಿದ್ರು. ಈಗ ತಿಂಗಳಿಗೊಂದ್ಸಲ ಕದ್ದು ಹೋಗಿ ಬರ್ತೀನಿ. ಇವತ್ತು ನಿಮ್ಮ ಧ್ವನಿ ಕೇಳಿ ಟವೆಲ್ ಒಳಗೇ ಜೀವ ಹೋಗಿತ್ತು. ಇಷ್ಟಾದ್ರೂ ನೀವು ನನ್ನ ಹೆಸ್ರು ಹೇಳ್ಲಿಲ್ಲ. ಕತ್ತಲಲ್ಲಿ ಕತ್ತರಿಸ್ಕೊಂಡೆ ಅಂದ್ರಿ." ಕತ್ತರಿಯಣ್ಣ ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಅದೇನೋ ಹೋದ ವರ್ಷ ನೀರು ಬಂದ್ಮೇಲೆ ಈ ಬೀದಿಯವರ ತಲೆಗಳೇ ಓರೆ ಆಗ್ಬಿಟ್ಟಿವೆ. ನನ್ನ ಕನ್ನಡೀಲಿ ಎಷ್ಟು ನೇರ ಇರುತ್ತೆ, ಎದ್ದು ಹೋಗುವಾಗ ವಾಲಿರುತ್ತೆ. ಬೇಜಾರಾಗ್ಬಾರ್ದು ಅಂತ ನಾನು ಯಾರ ಹತ್ರಾನೂ ಹೇಳಿಲ್ಲ."

ಕನ್ನಡಿಯ ವಿಷಯ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಸಾಹೇಬರು ಬಾಯಿ ತೆರೆದರು. ಆದರೆ ಕತ್ತರಿಯಣ್ಣ ಆಗಲೇ ಕ್ಷೌರದ ಕತ್ತಿ ಬಿಡಿಸಿದ್ದರು. ಕತ್ತಿ ಹಿಡಿದವರ ಹತ್ತಿರ ಸತ್ಯ ಹೇಳುವುದು ಸಾಹೇಬರಿಗೆ ರೂಢಿಯಿರಲಿಲ್ಲ.

"ಈಗೇನ್ ಮಾಡೋದು ಅಣ್ಣ?"

"ಈ ಕಟಿಂಗ್ ಹೊರಗೆ ನಿಂತೋರು ನೋಡಿದ್ರೆ, ಎಲ್ಲಿ ಮಾಡಿಸಿದ್ರಿ ಅಂತಾರೆ. ಹುಡುಕ್ಕೊಂಡು ಅಲ್ಲಿಗೇ ಹೋಗ್ತಾರೆ. ಅಲ್ಲಿ ನನ್ನನ್ನೂ ನೋಡ್ತಾರೆ. ನಿಮ್ಮ ಗುಟ್ಟು, ನನ್ನ ಗುಟ್ಟು ಎರಡೂ ಈ ಕೂದಲಲ್ಲಿದೆ." ಕತ್ತರಿಯಣ್ಣ ಸಾಹೇಬರ ತಲೆಗೆ ನೀರು ಹಚ್ಚಿದರು. "ಅಲ್ಲಾಡ್ಬೇಡಿ."

ಹತ್ತು ನಿಮಿಷದ ನಂತರ ಬಚ್ಚಲುಮನೆಯ ಬಾಗಿಲು ತೆರೆಯಿತು. ಸಾಹೇಬರ ತಲೆ ತೊಳೆದಿಟ್ಟ ಸ್ಟೀಲ್ ಚೊಂಬಿನ ಹಾಗಿತ್ತು. ಜನ ಅದರ ಸುತ್ತಲೂ ಹುಡುಕಿದರು. ಹೊಲಿಗೆಯಿಲ್ಲ, ಗಾಯವಿಲ್ಲ, ಒಂದು ಗೀರೂ ಇಲ್ಲ.

"ಎಂಟು ಹೊಲಿಗೆ ಎಲ್ಲಿ?" ಎಂದರು ಅಧ್ಯಕ್ಷರು.

"ನನ್ನ ಕತ್ತಿ ಆಡಿತು, ವಾಸಿಯಾಯ್ತು" ಎಂದರು ಕತ್ತರಿಯಣ್ಣ, ಕತ್ತಿ ಒರೆಸುತ್ತಾ.

ಔಷಧಿ ಅಂಗಡಿ ಅಕ್ಕ ನಾಲ್ಕನೆಯ ಸುರುಳಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಹೆಂಡತಿ ತಲೆಯನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. "ಏನೇ ಹೇಳಿ, ಲೆವೆಲ್ ಆಗಿದೆ" ಎಂದರು.

ಸರಿಯಾಗಿ ನಾಲ್ಕಕ್ಕೆ ಫೋಟೋ ತೆಗೆದರು. ಫ್ಲಾಶ್ ಹಾಕಿದರೆ ತಲೆಯಲ್ಲಿ ಸ್ಟುಡಿಯೋದವರೇ ಕಾಣುತ್ತಿದ್ದುದರಿಂದ ಅದನ್ನು ಆರಿಸಬೇಕಾಯಿತು. ಮರುದಿನ ಬ್ಯಾನರ್ ಸೇತುವೆಗೇರಿತು. ಕೂದಲೊಂದು ಬಿಟ್ಟು ಎಲ್ಲವೂ ಇರುವ ಮನುಷ್ಯ ಅಲ್ಲಿ ನಗುತ್ತಾ 'ನನಗೆ ಬೇಕಾದ್ದೆಲ್ಲ ನಮ್ಮ ಬೀದಿಯಲ್ಲೇ ಇದೆ' ಅನ್ನುತ್ತಿದ್ದರು.

ಊರಿಗೆ ಊರೇ ಅದನ್ನು ನೋಡಿ ಮರುಳಾಯಿತು. ಎಂಟು ಹೊಲಿಗೆಯ ಗಾಯವನ್ನು ಕತ್ತಿಯಲ್ಲೇ ವಾಸಿ ಮಾಡಿದ ಕೈ ಯಾವುದು ಎಂದು ಜನ ಹುಡುಕಿಕೊಂಡು ಬಂದರು. ತಲೆನೋವಿನವರು ಬಂದರು, ಮರೆವಿನವರು ಬಂದರು, ಸುಮ್ಮನೆ ಹೊಳೆಯಬೇಕು ಎನ್ನುವವರೂ ಬಂದರು. ಬಂದವರೆಲ್ಲ ನುಣ್ಣಗೆ ಬೋಳಿಸಿಕೊಂಡು ಹೋದರು. ಓರೆ ಕನ್ನಡಿ ಕೆಡಿಸಲಾಗದ ಕಟಿಂಗ್ ಅದೊಂದೇ ಆದ್ದರಿಂದ ಒಬ್ಬರೂ ದೂರು ಹೇಳಲಿಲ್ಲ. ಕತ್ತರಿಯಣ್ಣ ಎರಡನೆಯ ಕುರ್ಚಿ ತರಿಸಿದರು. ಪಕ್ಕದ ಅಂಗಡಿಗಳಿಗೂ ವ್ಯಾಪಾರ ಹತ್ತಿತು. ಅಧ್ಯಕ್ಷರಿಗಂತೂ ಕೈತುಂಬ ಕೆಲಸ, ಅದಕ್ಕೇ ಸಾಹೇಬರ ಮನೆ ಬಾಗಿಲು ಇನ್ನೂ ವಾಪಸು ಬಂದಿಲ್ಲ.

ಬ್ಯಾನರಿನಲ್ಲಿ ಇರುವ ಹಾಗೆಯೇ ಸಾಹೇಬರು ಬೀದಿಯಲ್ಲೂ ಇರಬೇಕೆಂದು ಸಂಘ ಒಕ್ಕೊರಲಿನಿಂದ ತೀರ್ಮಾನಿಸಿದೆ. ಆದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಅವರು ಕಬ್ಬಿಣದ ಕುರ್ಚಿಯಲ್ಲಿ ಕೂರುತ್ತಾರೆ. ಮೊನ್ನೆ ಕತ್ತರಿಯಣ್ಣ ಅತ್ತಿತ್ತ ನೋಡಿ, ಅವರ ಕಿವಿಯ ಹತ್ತಿರ ಬಗ್ಗಿದರು.

"ನಾಳೆ ಸೇತುವೆ ಆಚೆ ಹೋಗ್ತಿದ್ದೀನಿ ಸಾಹೇಬ್ರೇ. ಎರಡನೇ ಕುರ್ಚಿ ನಿಮಗೆ ಹೇಳಿಡ್ಲಾ ಅಂತ ಕೇಳೋಣ ಅಂತಿದ್ದೆ."

ಆಮೇಲೆ ಸಾಹೇಬರ ತಲೆಯ ಮೇಲೊಮ್ಮೆ ಪ್ರೀತಿಯಿಂದ ಕೈಯಾಡಿಸಿದರು.

"ಬಿಡಿ, ಪಾಪ, ನಿಮಗ್ಯಾಕೆ."