ವಿಕ್ಟೋರಿಯಾ ರಾಣಿ ಕಾಲದ ಚಿಕ್ಕಪ್ಪ

ನನ್ನ ಚಿಕ್ಕಪ್ಪ ಹುಟ್ಟಿದ್ದು ಕುಮಟೆಯಲ್ಲಿ, ಬದುಕುತ್ತಿದ್ದುದು ಮಾತ್ರ ವಿಕ್ಟೋರಿಯಾ ರಾಣಿಯ ಲಂಡನ್ನಿನಲ್ಲಿ. ಅಲ್ಲಿ ಯಾವ ಗಲ್ಲಿ ಹಿಡಿದರೆ ಯಾವ ಸೇತುವೆಗೆ ಬರಬಹುದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕುಮಟೆಯ ಪೇಟೆಯಿಂದ ಉಪ್ಪು ತರಲು ಕಳಿಸಿದರೆ ದಾರಿ ತಪ್ಪಿ ಸಮುದ್ರದಂಡೆ ತಲುಪುತ್ತಿದ್ದ. ಉಪ್ಪಿನ ಮೂಲಕ್ಕೇ ಹೋದನಲ್ಲ ಎಂದು ಅಜ್ಜಿ ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಅಂಥವನನ್ನು ಕಳಿಸಿದವರದೇ ತಪ್ಪಲ್ಲವೇ?

ಅದು ನಲವತ್ತರ ದಶಕ. ಚಿಕ್ಕಪ್ಪ ಧಾರವಾಡದಲ್ಲಿ ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ. ರಜೆಗೆ ಬಂದರೆ ಮೇ ತಿಂಗಳ ಸೆಕೆಯಲ್ಲೂ ಕರಿ ಉಣ್ಣೆ ಕೋಟು, ತಲೆಗೆ ಹ್ಯಾಟು. ಹೆಂಗಸರು ಎದುರಾದರೆ ಹ್ಯಾಟು ತೆಗೆದು ಬಾಗಬೇಕೆಂದು ಎಲ್ಲೋ ಓದಿದ್ದನಂತೆ. ತದಡಿ ಬಂದರಿನ ದಕ್ಕೆಯಲ್ಲಿ ಮೀನು ಮಾರುವವಳ ಎದುರೂ ಹಾಗೆಯೇ ಬಾಗಿದ. ಆಕೆ ಬುಟ್ಟಿ ಇಳಿಸಿ, ನಾಲ್ಕಾರು ಬಂಗಡೆ ಎತ್ತಿ ಹ್ಯಾಟಿನೊಳಗೆ ಹಾಕಿದಳು.

"ಚೀಲ ತರೂದು ಮರ್ತ್ರಾ ಒಡೆಯಾ? ಅಡ್ಡಿಲ್ಲ, ಇದ್ರಲ್ಲೇ ಹಿಡೀತದೆ."

ಬೇಡವೆಂದರೆ ಆಕೆಗೆ ಅವಮಾನವಾದೀತೆಂದು ಚಿಕ್ಕಪ್ಪ ಇನ್ನೊಮ್ಮೆ ಬಾಗಿ, ದುಡ್ಡು ಕೊಟ್ಟು ಬಂದ. ಅಂದಿನಿಂದ ಮನೆಯ ಬೆಕ್ಕು ಆ ಹ್ಯಾಟನ್ನು ಬಿಟ್ಟು ಕದಲಲಿಲ್ಲ.

ಅಜ್ಜ ಖಾದಿಯವನು. "ಊರವ್ರೆಲ್ಲ ಇಂಗ್ಲಿಷರನ್ನ ಓಡ್ಸೂಕೆ ನೋಡಿದ್ರೆ, ನೀನು ಮನೆಗೆ ಕರ್ಕಂಡು ಬಂದು ಮಣೆ ಹಾಕ್ತ್ಯಲ್ಲೋ" ಎಂದು ಸಿಡುಕಿದ.

"ಇವ್ರು ಆ ಇಂಗ್ಲಿಷರಲ್ಲ ಅಪ್ಪಾ. ಇವ್ರು ಸತ್ತು ಎಷ್ಟೋ ಕಾಲ ಆತು, ಪಾಪ" ಎಂದ ಚಿಕ್ಕಪ್ಪ.

ಅಜ್ಜಿಗೆ ಆ ಸತ್ತವರ ಮೇಲೆ ಬಹಳ ಮಮತೆ. ಸಂಜೆ ಜಗಲಿಯಲ್ಲಿ ಚಿಕ್ಕಪ್ಪ ಪರೀಕ್ಷೆಗಿದ್ದ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ದುಡಿಯುವ ಅನಾಥ ಹುಡುಗಿಯ ಕತೆ. "ಅಲ್ಲಿ ಹಗಲೂ ಮಂಜು, ಸೂರ್ಯನೇ ಕಾಣೂದಿಲ್ಲ" ಎಂದರೆ ಅಜ್ಜಿ ಕಣ್ಣೊರೆಸಿಕೊಂಡು ಕೇಳುತ್ತಿದ್ದಳು: "ಹಾಂಗಾರೆ ಹಪ್ಪಳ ಎಲ್ಲಿ ಒಣಗಿಸೂದು?"

ಪರೀಕ್ಷೆಗೆ ಸ್ವಲ್ಪ ಮೊದಲು ನನಗೆ ವಿಷಮಜ್ವರ ಬಂತು. ಓದುವ ರಜೆಗೆ ಬಂದಿದ್ದ ಚಿಕ್ಕಪ್ಪ ನನ್ನ ಹಾಸಿಗೆಯ ಪಕ್ಕದಲ್ಲೇ ಪುಸ್ತಕ ಹಿಡಿದು ಕೂತ. ಕತೆಯ ಹುಡುಗಿಗೂ ಅದೇ ಹೊತ್ತಿಗೆ ಜ್ವರ ಬಂದಿತ್ತು.

"ಅವ್ಳಿಗೆ ಇವತ್ತು ಹ್ಯಾಂಗಿದೆ?" ಎಂದು ನಾನು ಕೇಳುತ್ತಿದ್ದೆ.

"ಅಡ್ಡಿಲ್ಲ. ಗಂಜಿ ಕುಡಿದ್ಲು."

ನಾನೂ ಕುಡಿಯುತ್ತಿದ್ದೆ. ಅವಳು ದಿಂಬಿಗೆ ಒರಗಿ ಕೂತಳೆಂದರೆ ನಾನೂ ಕೂರಲು ನೋಡುತ್ತಿದ್ದೆ. ಒಂದು ದಿನ ಅವಳು ಮಿಡಿ ಉಪ್ಪಿನಕಾಯಿ ಬೇಡಿದಳು. ಲಂಡನ್ನಿಗೆ ಮಾವಿನ ಮಿಡಿ ಎಲ್ಲಿಂದ ಬಂತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ನನ್ನ ಜ್ವರ ಇಳಿಯುವ ಮೊದಲೇ ಅವನು ಪರೀಕ್ಷೆಗೆ ಧಾರವಾಡಕ್ಕೆ ಹೋಗಬೇಕಾಯಿತು. ಮುಂದೆ ನಾನು ಗುಣವಾಗಿ ಓಡಾಡಿದೆ. ಚಿಕ್ಕಪ್ಪ ಆ ಕಾದಂಬರಿಯ ಪತ್ರಿಕೆಯಲ್ಲೇ ಫೇಲಾದ. ಊರೆಲ್ಲ ನಕ್ಕಿತು. "ಲಂಡನ್ನಲ್ಲೇ ಇದ್ದವ್ನಿಗೆ ಎಂತ ಆತೋ?" ಎಂದ ಅಜ್ಜ. ಚಿಕ್ಕಪ್ಪನೂ ಎಲ್ಲರ ಜೊತೆ ನಕ್ಕ.

ಎಷ್ಟೋ ವರ್ಷಗಳ ಮೇಲೆ ನಾನೂ ಇಂಗ್ಲಿಷ್ ಕಲಿತು ಆ ಕಾದಂಬರಿ ಓದಿದೆ. ಹುಡುಗಿ ಗಂಜಿ ಕುಡಿಯಲಿಲ್ಲ, ಎದ್ದು ಕೂರಲೂ ಇಲ್ಲ. ಜ್ವರ ಬಂದ ಅಧ್ಯಾಯದಲ್ಲೇ ಸತ್ತಳು. ಹೊನ್ನಾವರದಲ್ಲಿ ಮಾಸ್ತರನಾಗಿದ್ದ ಚಿಕ್ಕಪ್ಪನಲ್ಲಿಗೆ ಹೋಗಿ ಅವಳ ಸಾವಿನ ಬಗ್ಗೆ ಕೇಳಿದೆ.

"ಪರೀಕ್ಷೆಯಲ್ಲೂ ಅದನ್ನೇ ಕೇಳಿದ್ರು" ಎಂದ. "ಅವಳ ಸಾವನ್ನ ವಿವರಿಸಿ ಅಂತ. ಆ ಪ್ರಶ್ನೆ ದಾಟಿ ಮುಂದೆ ಹೋಗೂಕೇ ಆಗ್ಲಿಲ್ಲ."

"ನಿಂಗೆ ಗೊತ್ತಿತ್ತಲ್ಲ ಚಿಕ್ಕಪ್ಪಾ, ಬರೀಬಹುದಿತ್ತು."

ಅವನು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕೂತ.

"ನಿಂಗೆ ಜ್ವರ ಬಿಡ್ತು ಅಂತ ಊರಿಂದ ಸುದ್ದಿ ಬಂದಿರ್ಲಿಲ್ಲ ಮಗಾ. ಹ್ಯಾಂಗೆ ಬರೆಯೂದು?"