ಲ್ಯಾಪ್‌ಟಾಪಿಗೆ ಹಿಡಿಸಿದ ವ್ರತ

ಬ್ಯಾಟರಿ ವಿಷಯದಾಗ ನಾನು ತಜ್ಞ. ಕಾರ್ಖಾನಿ ಕಾಟಾದಾಗ ದಿನಾ ಕಬ್ಬಿನ ಟ್ರ್ಯಾಕ್ಟರ್ ತೂಗೂ ನನಗ ಈ ಪದವಿ ಯಾರು ಕೊಟ್ರು ಅಂತ ಕೇಳಬ್ಯಾಡ್ರಿ. ನಾನ ತಗೊಂಡೇನಿ!

ನಮ್ಮ ಮನ್ಯಾಗ ಒಂದು ಹಳೇ ಲ್ಯಾಪ್‌ಟಾಪ್ ಐತಿ, ಅದರಾಗ ವಿಂಡೋಸ್ ತೆಗೆದು ಲಿನಕ್ಸ್ ಹಾಕೇನಿ. ಬ್ಯಾಟರಿ ನೂರಕ್ಕ ನೂರು ತುಂಬಿಸಿದ್ರ ಲಗೂನ ಸಾಯ್ತೈತಿ, ಎಂಬತ್ತಕ್ಕ ನಿಲ್ಲಿಸಿದ್ರ ಬಾಳಿಕಿ ಬರ್ತೈತಿ ಅಂತ ಎಲ್ಲೋ ಓದಿದೆ. ಓದಿ ಭಾಳ ಖುಷಿ ಆತು. ನಾವು ಜೈನರು. ಹೊಟ್ಟಿ ತುಂಬೂ ಮೊದಲ ತಾಟು ಬಿಟ್ಟು ಏಳೂದಕ್ಕ ನಮ್ಮಲ್ಲಿ ಅವಮೌದರ್ಯ ಅಂತಾರ, ಅದೊಂದು ದೊಡ್ಡ ತಪಸ್ಸು. ಹೋಳಿಗಿ ಕಂಡ್ರ ನನ್ನ ಕೈಲೆ ಅದು ಎಂದೂ ಆಗಿಲ್ಲ. ಲ್ಯಾಪ್‌ಟಾಪರೆ ಮಾಡ್ಲಿ ಅಂತ ಟರ್ಮಿನಲ್ ಅನ್ನೂ ಕರೀ ಕಿಟಕಿ ತೆಗೆದು, ಚಾರ್ಜು ಎಲ್ಲಿಗೆ ನಿಲ್ಲಬೇಕು ಅಂತ ಆಜ್ಞೆ ಬರೆಯಾಕ ಕುಂತೆ. ಎಂಬತ್ತು ಚಲೋ ಅಂದ್ರ ಅರವತ್ತು ಇನ್ನೂ ಚಲೋ! ಅರವತ್ತು ಚಲೋ ಅಂದ್ರ ನಲವತ್ತು ಮೋಕ್ಷ! ನಲವತ್ತು ಅಂತ ಹೊಡೆದೆ. ಈ ಸಾಧನೆಯನ್ನ ಹೆಂಡ್ತಿಗೆ ಹೇಳೂದೊಂದು ಮರೆತೆ.

ಹೆಂಡ್ತಿ ಪದ್ಮಾ ಬಿ.ಎಡ್. ಮಾಡ್ಯಾಳ. ಮದುವಿ ಆಗಿ ಹನ್ನೆರಡು ವರ್ಷ ಆ ಸರ್ಟಿಫಿಕೇಟು ಟ್ರಂಕಿನ್ಯಾಗ ಇತ್ತು. ಹೋದ ತಿಂಗಳು ಆಕಿ ಅರ್ಜಿ ಹಾಕಿದ್ದಕ್ಕ ಚಿಕ್ಕೋಡಿಯ ಒಂದು ಶಾಲೆಯವರು, "ಮೊದಲ ಆನ್‌ಲೈನ್‌ನ್ಯಾಗ ಒಂದು ಪಾಠ ಮಾಡಿ ತೋರಸ್ರಿ" ಅಂದ್ರು. ಆಕಿ ಹದಿನೈದು ದಿನ ಕನ್ನಡಿ ಮುಂದ ನಿಂತು ಭಿನ್ನರಾಶಿ ಹೇಳಿದ್ಲು. ಆ ದಿನ ಮುಂಜಾನೆಯಿಂದ ಲ್ಯಾಪ್‌ಟಾಪ್ ಚಾರ್ಜಿಗೆ ಹಚ್ಚಿ, ಇಸ್ತ್ರಿ ಸೀರಿ ಉಟ್ಟು, ನನ್ನ ಫೋನಿನ ನೆಟ್ಟು ಕೂಡಿಸಿ ಹನ್ನೊಂದಕ್ಕ ಕುಂತ್ಲು.

ಐದ ನಿಮಿಷಕ್ಕ ಕರೆಂಟು ಹೋತು.

"ಅಂಜಬ್ಯಾಡ, ಬ್ಯಾಟರಿ ಐತಲ್ಲ" ಅಂತ ನಾನ ಧೈರ್ಯ ಹೇಳಿದೆ. ಅತ್ತಕಡೆ ಕುಂತ ಶಾಲೆಯವರ ಜೋಡಿ ಹತ್ತು ನಿಮಿಷ ಪರಿಚಯದ ಮಾತು ನಡೆದ್ವು. ಹೆಡ್‌ಮಾಸ್ತರು, "ಇಷ್ಟು ವರ್ಷ ಯಾಕ ಕೆಲಸ ಮಾಡ್ಲಿಲ್ರಿ ನೀವು?" ಅಂತ ಕೇಳಿದ್ರು. ಪದ್ಮಾ ಬಾಯಿ ತೆರೆದ್ಲು. ಪರದೆ ಕರ್ರಗಾತು!

"ಅಲ್ರೀ, ಮುಂಜಾನೆಯಿಂದ ಚಾರ್ಜಿಗೆ ಹಚ್ಚೇನಿ! ಏನ್ ಮಾಡೀರಿ ಇದಕ್ಕ?"

"ನಲವತ್ತಕ್ಕ ನಿಲ್ಲೂ ಹಂಗ ಮಾಡೇನಿ," ಅಂದೆ ಸಣ್ಣ ದನಿಲೆ. "ಬ್ಯಾಟರಿ ಭಾಳ ವರ್ಷ ಬಾಳ್ಲಿ ಅಂತ."

"ಅದು ಬಾಳ್ತೈತಿ ಬಿಡ್ರಿ. ನನ್ನ ಗತಿ?"

ಆಕಿ ಕಣ್ಣಾಗ ನೀರು ಬಂದಿತ್ತು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಗಡಿಬಿಡಿಲೆ ನನ್ನ ಫೋನಿನಿಂದನ ಮತ್ತ ಕೂಡಿದ್ವಿ. ಫೋನಿಗೆ ಸ್ಟ್ಯಾಂಡು? ನಾನ! ಎರಡೂ ಕೈ ಚಾಚಿ ಫೋನು ಹಿಡಕೊಂಡು ಆಕಿ ಮುಂದ ನಿಂತೆ.

"ಕೆಲಸಕ್ಕ ಹೋಗಬ್ಯಾಡ ಅಂತ ಯಾರೂ ಅನ್ನಲಿಲ್ರಿ ಸರ್," ಅಂದ್ಲು ಪದ್ಮಾ. "ಹೋಗು ಅಂತನೂ ಯಾರೂ ಅನ್ನಲಿಲ್ಲ. ಈ ಸಲ ನನಗ ನಾನ ಹೇಳಕೊಂಡೆ."

ಹನ್ನೆರಡು ವರ್ಷ ಒಂದ ಮನ್ಯಾಗ ಇದ್ದು ಈ ಮಾತು ನಾನು ಕೇಳಿದ್ದು ಅವತ್ತ. ಆಕಿ ಅರ್ಧ ತಾಸು ಪಾಠ ಮಾಡಿದ್ಲು. ತೋಳು ಸೋತು ಬಿದ್ದಹೋಗೂ ಹಂಗ ಆದ್ರೂ ನಾನು ಕೈ ಇಳಿಸಲಿಲ್ಲ. ಎಷ್ಟು ಚಂದ ಕಲಿಸ್ತಾಳ ಅಂದ್ರ, ಭಿನ್ನರಾಶಿ ನನಗೂ ತಿಳೀತು!

"ಸೋಮವಾರದಿಂದ ಬರ್ರಿ ಟೀಚರ್," ಅಂದ್ರು ಹೆಡ್‌ಮಾಸ್ತರು. "ಫೋನು ಹಿಡಿದವರು ಯಾರ್ರಿ?"

"ನಮ್ಮ ಮನಿಯವರ್ರಿ."

ಟೀಚರ್ ಅಂದದ್ದು ಕೇಳಿ ನನ್ನ ಕಣ್ಣು ತುಂಬಿದ್ವು. ಇಂಥಾ ಶುಭ ಸಂದರ್ಭದಾಗ ಮನಿ ಯಜಮಾನ ಎರಡು ಮಾತು ಆಡದಿದ್ರ ಹೆಂಗ? ಫೋನು ನನ್ನ ಕಡೆ ತಿರುಗಿಸಿ, ತೋಳು ಉದ್ದ ಚಾಚಿ, "ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು" ಅಂದೆ.

ಅತ್ತಕಡೆ ಎಲ್ಲಾರೂ ಬಿದ್ದ ಬಿದ್ದ ನಗಾಕತ್ರು. ಪದ್ಮಾ ಫೋನು ಕಸಗೊಂಡ್ಲು. ಆಗ ನೆನಪಾತು, ಕರೆಂಟು ಹೋದ ಕೂಡಲೆ ಸೆಕೆಗೆ ನಾನು ಅಂಗಿ, ಲುಂಗಿ ಎರಡೂ ಕಳೆದಿದ್ದೆ. ಮೈಮ್ಯಾಲೆ ಇದ್ದದ್ದು ಪಟ್ಟಾಪಟ್ಟಿ ಚಡ್ಡಿ ಒಂದ!